ಅನಿಲ ಕೊಳವೆಗೆ, ಗೊಬ್ಬರ ಹೊಲಕ್ಕೆ

ವಾಹನಗಳಿಗೆ ಮತ್ತು ಮನೆಗಳಿಗೆ ಪೂರೈಸುವ ನೈಸರ್ಗಿಕ ಅನಿಲದಲ್ಲಿ ಜೈವಿಕ ಅನಿಲ ಬೆರೆಸುವುದನ್ನು ಕೇಂದ್ರ ಸರ್ಕಾರ ಕಡ್ಡಾಯಗೊಳಿಸಿದೆ. 2025–26ಕ್ಕೆ ಶೇ 1ರಷ್ಟು ನಿಗದಿಯಾದ ಈ ಪಾಲು 2028–29ಕ್ಕೆ ಶೇ 5ಕ್ಕೆ ಏರಬೇಕಿದೆ. 2013ರಲ್ಲಿ ಕಾರ್ಯಾರಂಭ ಮಾಡಿದ ದಾಭೋಳ–ಬೆಂಗಳೂರು ನೈಸರ್ಗಿಕ ಅನಿಲ ಕೊಳವೆಮಾರ್ಗ ಬೆಳಗಾವಿ, ಧಾರವಾಡ ಜಿಲ್ಲೆಗಳನ್ನು ಹಾದು ಹೋಯಿತು. ಬಾಗಲಕೋಟೆ ಜಿಲ್ಲೆಯ ಬೀಳಗಿ, ಮುಧೋಳ, ಜಮಖಂಡಿಯ ಕಬ್ಬಿನ ಸೀಮೆ ಆ ದಾರಿಯಿಂದ ಹೊರಗುಳಿಯಿತು. ಈಗ ಈ ಸೀಮೆಯೇ ಅನಿಲದ ಮೂಲವಾಗಬಲ್ಲದು. ಅರೆದ ಪ್ರತಿ 100 ಟನ್ ಕಬ್ಬಿಗೆ ಸುಮಾರು 3ರಿಂದ 4 ಟನ್ ಪ್ರೆಸ್‌ಮಡ್ (ರಸ ಸೋಸಿದಾಗ ಸಿಗುವ ಕೆಸರು) ಉಳಿಯುತ್ತದೆ; ಜೈವಿಕ ಅನಿಲಕ್ಕೆ ಅದು ಉತ್ತಮ ಕಚ್ಚಾವಸ್ತು.

ಆದರೆ ಈ ಪ್ರೆಸ್‌ಮಡ್ ಕಸವಲ್ಲ. ಅತಿಯಾದ ನೀರಾವರಿಯಿಂದ ಸವುಳಾಗುತ್ತಿರುವ ಕೃಷ್ಣಾ, ಘಟಪ್ರಭಾ ತೀರದ ಹೊಲಗಳಿಗೆ ಅದು ಅಗ್ಗದ ಸಾವಯವ ಗೊಬ್ಬರ. ಅನಿಲ ಘಟಕಗಳು ಪೈಪೋಟಿಯಿಂದ ಕೊಳ್ಳತೊಡಗಿದರೆ ಅದು ಸಣ್ಣ ಹಿಡುವಳಿದಾರರ ಕೈಗೆ ಎಟುಕುವುದಿಲ್ಲ. ಅನಿಲ ತೆಗೆದ ನಂತರವೂ ಪೋಷಕಾಂಶಗಳು ಶೇಷದಲ್ಲಿ ಉಳಿಯುತ್ತವೆ. ಆದ್ದರಿಂದ ಆ ಶೇಷವನ್ನು ಕಬ್ಬು ಪೂರೈಸಿದ ರೈತರಿಗೇ ರಿಯಾಯಿತಿ ದರದಲ್ಲಿ ಹಿಂದಿರುಗಿಸುವುದನ್ನು ಘಟಕಗಳ ಪರವಾನಗಿಯ ಷರತ್ತಾಗಿಸಬೇಕು. ಬಾಗಲಕೋಟೆ, ಕೊಪ್ಪಳ, ರಾಯಚೂರು ಸೇರಿದ ವಿತರಣಾ ವಲಯದಲ್ಲಿ ಈ ಅನಿಲ ಮೊದಲು ಸ್ಥಳೀಯ ಮನೆಗಳಿಗೆ, ರಬಕವಿ–ಬನಹಟ್ಟಿಯ ನೂಲಿನ ಬಣ್ಣಗಾರಿಕೆ ಘಟಕಗಳಿಗೆ ಸಿಗಬೇಕು. ಮಣ್ಣಿನ ಸತ್ವವನ್ನು ಬಲಿಕೊಟ್ಟು ಪಡೆಯುವ ಇಂಧನವನ್ನು ಸ್ವಚ್ಛ ಇಂಧನವೆಂದು ಒಪ್ಪಲಾಗದು.