ಕಾಡಿನ ಕಡತವನ್ನೂ ತೆರೆಯಿರಿ

ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬರು ರಾಜಕೀಯಕ್ಕೆ ಬರುತ್ತಾರೆಂದರೆ ಹಿರಿಯೂರಿನ ಚಹಾದಂಗಡಿಯಿಂದ ಹೊಳಲ್ಕೆರೆಯ ಸಂತೆಯವರೆಗೆ ಒಂದೇ ಮಾತು: ಇಂಥ ಖಡಕ್ ಮನುಷ್ಯ ಬೇಕು. ಭ್ರಷ್ಟರಿಂದ ಬೇಸತ್ತ ಜನರ ಈ ಆಸೆ ನಮಗೂ ಅರ್ಥವಾಗುತ್ತದೆ. ಆದರೆ ಖಾಕಿ ಕಳಚಿ ಖಾದಿ ತೊಟ್ಟವರ ಸೇವಾಚರಿತ್ರೆಯನ್ನು ನಾವು ಅರ್ಧವಷ್ಟೇ ಓದುತ್ತೇವೆ.

ಶಂಕರ ಬಿದರಿಯವರನ್ನೇ ನೋಡೋಣ. ವೀರಪ್ಪನ್ ವಿರುದ್ಧದ ಕಾಡಿನ ಸಮರದಲ್ಲಿ ಕರ್ನಾಟಕದ ವಿಶೇಷ ಕಾರ್ಯಪಡೆಯನ್ನು ಮುನ್ನಡೆಸಿದವರು. ಮುಂದೆ ಬೆಂಗಳೂರಿನ ಪೊಲೀಸ್ ಆಯುಕ್ತರು, 2011ರಲ್ಲಿ ರಾಜ್ಯದ ಪೊಲೀಸ್ ಮಹಾನಿರ್ದೇಶಕರು, 2013ರಲ್ಲಿ ಕಾಂಗ್ರೆಸ್ಸಿಗರು. ಅವರ ನೇಮಕ 2012ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದಾಗ ಹಳೆಯ ವರದಿಯೊಂದು ಚರ್ಚೆಗೆ ಬಂತು. ಮಾನವ ಹಕ್ಕುಗಳ ಆಯೋಗ 1999ರಲ್ಲಿ ನೇಮಿಸಿದ ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿಯ ವರದಿ ಅದು. ಮಲೆಮಹದೇಶ್ವರ ಬೆಟ್ಟದಲ್ಲಿ 'ವರ್ಕ್‌ಶಾಪ್' ಎಂದು ಹೆಸರಾಗಿದ್ದ ಕಡೆ ನಡೆದ ಚಿತ್ರಹಿಂಸೆ, ಅತ್ಯಾಚಾರಗಳನ್ನು ಕಾಡಂಚಿನ ಬಡವರು ಆ ಸಮಿತಿಯ ಮುಂದೆ ಹೇಳಿಕೊಂಡಿದ್ದರು. 2007ರಲ್ಲಿ ಆಯೋಗ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರ ಸೂಚಿಸಿತು. ಬಿದರಿಯವರು ಆರೋಪಗಳನ್ನು ನಿರಾಕರಿಸಿದ್ದಾರೆ. ಯಾವ ನ್ಯಾಯಾಲಯವೂ ಅವರನ್ನು ಅಪರಾಧಿಯೆಂದಿಲ್ಲ. ಅದನ್ನೂ ಹೇಳುವುದು ನ್ಯಾಯ. ಹಾಗಿದ್ದರೆ ಆ 89 ಮಂದಿಗೆ ಹಿಂಸೆ ಕೊಟ್ಟವರಾರು? ಪರಿಹಾರವೆಂದರೆ ಗಾಯ ಒಪ್ಪಿಕೊಂಡಂತೆ, ಕೈ ಯಾರದೆಂದು ಕೇಳದಂತೆ.

ವೀರಪ್ಪನ್ ಕ್ರೌರ್ಯವನ್ನು ನಾವು ಮರೆತಿಲ್ಲ. 1992ರ ಆಗಸ್ಟ್ 14ರಂದು ಮೀಣ್ಯದ ಬಳಿ ಎಸ್ಪಿ ಹರಿಕೃಷ್ಣ ಅವರೊಂದಿಗೆ ಎಸ್ಸೈ ಶಕೀಲ್ ಅಹ್ಮದ್ ಕೊಲೆಯಾದರು. 2000ದಲ್ಲಿ ಡಾ. ರಾಜ್‌ಕುಮಾರ್ ಸೆರೆಯಲ್ಲಿದ್ದಾಗ ಸರಕಾರ ಟಾಡಾ ಆರೋಪಗಳನ್ನು ಕೈಬಿಡಲು ಹೊರಟಿತು. ನಾಡೆಲ್ಲ ತಳಮಳಗೊಂಡಿದ್ದ ಆ ದಿನಗಳಲ್ಲಿ ಶಕೀಲರ ತಂದೆ ಅಬ್ದುಲ್ ಕರೀಂ ಒಬ್ಬರೇ ಸುಪ್ರೀಂ ಕೋರ್ಟಿಗೆ ಹೋದರು, ಗೆದ್ದರು. ಅವರು ಕೇಳಿದ್ದು ಪ್ರತೀಕಾರವನ್ನಲ್ಲ, ಕಾನೂನು ತನ್ನ ದಾರಿಯಲ್ಲಿ ನಡೆಯಲಿ ಎಂದು. ಅದೇ ಟಾಡಾ ಪ್ರಕರಣಗಳಲ್ಲಿ ವರ್ಷಗಟ್ಟಲೆ ಜೈಲಿನಲ್ಲಿದ್ದ ಬಹುಪಾಲು ಮಂದಿ 2001ರಲ್ಲಿ ನಿರ್ದೋಷಿಗಳೆಂದು ಹೊರಬಂದರೆಂಬುದು ಬೇರೆಯೇ ದುಃಖ.

ಹುತಾತ್ಮನ ತಂದೆಗೆ ದಕ್ಕಿದ ಕಾನೂನು ಸೋಲಿಗರ ಹೆಂಗಸರಿಗೆ ದಕ್ಕಬಾರದೇ? ಅಸಾಧ್ಯವೇನಲ್ಲ. ಪಕ್ಕದ ತಮಿಳುನಾಡಿನ ವಾಚಾತಿಯಲ್ಲಿ 1992ರಲ್ಲಿ ಶ್ರೀಗಂಧದ ಶೋಧದ ಹೆಸರಿನಲ್ಲಿ ನಡೆದ ಅತ್ಯಾಚಾರಕ್ಕೆ, ದೌರ್ಜನ್ಯಕ್ಕೆ 2011ರಲ್ಲಿ 215 ಸರಕಾರಿ ನೌಕರರು ಶಿಕ್ಷೆಗೊಳಗಾದರು. 2023ರಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿ ಆದದ್ದು ಇಲ್ಲಿ ಏಕಾಗದು? ಮತ ಕೇಳಲು ಬರುವ ಮಾಜಿ ಅಧಿಕಾರಿಗಳು ಯಾವ ಪಕ್ಷದವರೇ ಆಗಲಿ, ಹೊಸದುರ್ಗದ ವೇದಿಕೆಯಲ್ಲಾಗಲಿ, ದುರ್ಗದ ಬೀದಿಯಲ್ಲಾಗಲಿ, ಪದಕಗಳ ಪಟ್ಟಿ ಓದುವ ಮುನ್ನ ಸದಾಶಿವ ವರದಿಯ ಬಗ್ಗೆ ತಮ್ಮ ನಿಲುವೇನೆಂದು ಹೇಳಲಿ.