ಉಕ್ಕಿನೊಡೆಯನ ದಾನವಿಚಾರ

ಉದ್ಯಮಶೀಲರು ಧನಾರ್ಜನೆ ಮಾಡುವುದುಂಟು, ದಾನ ಮಾಡುವುದೂ ಉಂಟು. ಆದರೆ ಗಳಿಸಿದ್ದನ್ನು ಏಕೆ ಕೊಡುತ್ತಿದ್ದೇವೆ, ಹೇಗೆ ಕೊಡಬೇಕು ಎಂಬುದನ್ನು ಲೇಖನಿ ಹಿಡಿದು ಲೋಕದ ಮುಂದಿಟ್ಟವರು ವಿರಳ. ಅಂಥ ವಿರಳರಲ್ಲಿ ಅಮೆರಿಕೆಯ ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿ ಅಗ್ರಗಣ್ಯನು. ಯಂತ್ರವಿದ್ಯೆ, ರಾಷ್ಟ್ರರಾಷ್ಟ್ರಗಳ ಸಂಬಂಧ, ಪರೋಪಕಾರ ಈ ಮೂರನ್ನೂ ಕುರಿತು ಆತನು ನಿಸ್ಸಂಕೋಚವಾಗಿ ಬರೆದನು. ಆತನು ೧೯೧೯ರಲ್ಲಿ ತೀರಿಕೊಂಡು ಶತಮಾನವೇ ಕಳೆದರೂ ಆ ವಿಚಾರಗಳ ಕಾವು ಆರಿಲ್ಲ. ೨೦೨೫ರ ಮೇ ತಿಂಗಳಿನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಬಿಲ್ ಗೇಟ್ಸ್ ಅವರು ತಮ್ಮ ಸಂಪತ್ತನ್ನು ಬಹುತೇಕ ಪೂರ್ಣವಾಗಿ ಇಪ್ಪತ್ತು ವರ್ಷಗಳೊಳಗೆ ವಿನಿಯೋಗಿಸಿ, ೨೦೪೫ರ ಕೊನೆಗೆ ತಮ್ಮ ಪ್ರತಿಷ್ಠಾನವನ್ನೇ ಮುಚ್ಚುವುದಾಗಿ ಸಾರಿದಾಗ ಸ್ಮರಿಸಿದ್ದು ಕಾರ್ನೆಗಿಯು ೧೮೮೯ರಲ್ಲಿ ಬರೆದ ಪ್ರಬಂಧವನ್ನೇ. ವಿದ್ಯಾಸಂಸ್ಥೆಗಳಿಗೆ ಕೈಯೆತ್ತಿ ಕೊಡುವ ಮಹನೀಯರು ಓದುವ ಈ ಸಂಚಿಕೆಯಲ್ಲಿ ಆತನನ್ನು ಕುರಿತು ನಾಲ್ಕು ಮಾತು ಅಪ್ರಸ್ತುತವಾಗಲಾರದೆಂದು ಭಾವಿಸುತ್ತೇನೆ.

ಕಾರ್ನೆಗಿಯು ೧೮೩೫ರಲ್ಲಿ ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್ ಎಂಬ ಊರಿನ ನೇಕಾರನ ಮನೆಯಲ್ಲಿ ಜನಿಸಿದನು. ತಂದೆ ಕೈಮಗ್ಗದಲ್ಲಿ ಲಿನನ್ ಬಟ್ಟೆ ನೇಯುವವನು. ಉಗಿಯಂತ್ರದ ಮಗ್ಗಗಳು ಬಂದವು, ಕೈಮಗ್ಗ ಮೂಲೆ ಸೇರಿತು, ಒಲೆಯ ಮೇಲಿನ ಗಡಿಗೆ ಹಗುರವಾಯಿತು. ನಮ್ಮ ನೇಕಾರರ ಓಣಿಗಳಲ್ಲಿ ವಿದ್ಯುನ್ಮಗ್ಗ ಕಾಲಿಟ್ಟ ದಿನಗಳನ್ನು ಕಂಡವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ೧೮೪೮ರಲ್ಲಿ ಕುಟುಂಬವು ಸಮುದ್ರ ದಾಟಿ ಪೆನ್ಸಿಲ್ವೇನಿಯಾ ಸಂಸ್ಥಾನದ ಆಲಿಗೆನಿಗೆ ಬಂದಿತು. ಅಲ್ಲಿನ ಹತ್ತಿಯ ಗಿರಣಿಯಲ್ಲಿ ನೂಲಿನ ಬಾಬಿನ್ನುಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ಬಾಲಕನಿಗೆ ವಾರಕ್ಕೆ ದೊರೆತ ಕೂಲಿ ಒಂದು ಡಾಲರು ಇಪ್ಪತ್ತು ಸೆಂಟು. ಯಾವ ಯಂತ್ರವು ತಂದೆಯ ಅನ್ನವನ್ನು ಕಸಿದಿತ್ತೋ ಅದರ ಒಡಹುಟ್ಟಿದಂತಹ ಇನ್ನೊಂದು ಯಂತ್ರವು ಮಗನನ್ನು ಮೇಲೆತ್ತಿತು. ಪಿಟ್ಸ್‌ಬರ್ಗಿನ ತಂತಿಯ ಕಛೇರಿಯಲ್ಲಿ ಓಲೆ ಮುಟ್ಟಿಸುವ ಹುಡುಗನಾಗಿ ಸೇರಿದವನು, ಕಾಗದದ ಮೇಲೆ ಮೂಡುವ ಗುರುತುಗಳಿಗಾಗಿ ಕಾಯದೆ ಯಂತ್ರದ ಟಕಟಕ ಸದ್ದನ್ನು ಕಿವಿಯಿಂದಲೇ ಕೇಳಿ ವಾರ್ತೆಯನ್ನು ಬರೆದುಕೊಳ್ಳುವಷ್ಟು ಕುಶಲನಾದನು. ಮುಂದೆ ರೈಲು, ಸೇತುವೆ, ಕಬ್ಬಿಣ, ಕೊನೆಗೆ ಉಕ್ಕು. ಉಳಿದ ಕಬ್ಬಿಣದ ಒಡೆಯರು ಊದುಕುಲುಮೆಯನ್ನು ಕಣ್ಣಂದಾಜಿನಿಂದ ನಡೆಸುತ್ತಿದ್ದ ಕಾಲದಲ್ಲಿ ಈತನು ರಸಾಯನಜ್ಞನೊಬ್ಬನನ್ನು ನೇಮಿಸಿ, ಅದಿರಿನ ಗುಣವನ್ನು ಪರೀಕ್ಷಿಸಿ ಕುಲುಮೆಗೆ ಹಾಕಿಸಿದನು. ವಿದ್ಯೆಗೆ ಕೊಡುವ ಸಂಬಳವನ್ನು ದಂಡವೆಂದು ಬಗೆಯದ ಈ ಬುದ್ಧಿಯೇ ಆತನ ಐಶ್ವರ್ಯದ ಬೀಜವೆಂದು ನನ್ನ ಎಣಿಕೆ.

ಇನ್ನು ಆತನ ಹೆಸರನ್ನು ಉಳಿಸಿರುವ ಗ್ರಂಥಾಲಯಗಳ ಸಂಗತಿ. ಆಲಿಗೆನಿಯಲ್ಲಿ ಕರ್ನಲ್ ಆಂಡರ್ಸನ್ ಎಂಬ ಸಜ್ಜನನು ತನ್ನ ಸ್ವಂತದ ನಾನೂರರಷ್ಟು ಪುಸ್ತಕಗಳನ್ನು ಪ್ರತಿ ಶನಿವಾರವೂ ದುಡಿಯುವ ಹುಡುಗರಿಗೆ ಎರವಲು ಕೊಡುತ್ತಿದ್ದನು. ಆ ಗ್ರಂಥಾಲಯವು ಬೆಳೆದು ಬೇರೆಯವರ ಆಡಳಿತಕ್ಕೆ ಬಂದಮೇಲೆ, ಕೈಕಸುಬು ಕಲಿಯುವವರಿಗಷ್ಟೇ ಪುಕ್ಕಟೆ, ತಂತಿಯ ಹುಡುಗರು ವಂತಿಗೆ ಕೊಡಬೇಕು ಎಂಬ ನಿಯಮ ಎದುರಾಯಿತು. ಕಾರ್ನೆಗಿ ಸುಮ್ಮನಿರಲಿಲ್ಲ, ಪತ್ರಿಕೆಗೆ ಕಾಗದ ಬರೆದನು, ಬಾಗಿಲು ತೆರೆಯಿತು. ಆ ಋಣವನ್ನು ಆತನು ತೀರಿಸಿದ ಪರಿಯನ್ನು ನೋಡಬೇಕು. ಹುಟ್ಟೂರಾದ ಡನ್‌ಫರ್ಮ್‌ಲಿನ್‌ನಲ್ಲಿ ೧೮೮೩ರಲ್ಲಿ ತೆರೆದುದು ಮೊದಲನೆಯದು. ಒಟ್ಟಿನಲ್ಲಿ ಆತನ ಹಣದಿಂದ ಎದ್ದುನಿಂತ ಗ್ರಂಥಾಲಯಗಳು ೨,೫೦೯. ಅವುಗಳಲ್ಲಿ ೧,೬೭೯ ಅಮೆರಿಕೆಯಲ್ಲಿಯೇ.

ಸಂಖ್ಯೆಗಿಂತ ಮಿಗಿಲಾದುದು ಆತನು ಹಾಕಿದ ಕಟ್ಟಳೆ. ಕಟ್ಟಡದ ವೆಚ್ಚ ತನ್ನದು, ನಿವೇಶನ ಊರಿನದು, ಅಲ್ಲದೆ, ತಾನು ಕೊಟ್ಟ ಮೊತ್ತದ ಹತ್ತರಲ್ಲೊಂದು ಪಾಲನ್ನು ಪ್ರತಿವರ್ಷವೂ ಊರಿನವರು ತಮ್ಮ ತೆರಿಗೆಯಿಂದ ತೆಗೆದು ಗ್ರಂಥಾಲಯದ ನಿರ್ವಹಣೆಗೆ ಕೊಡತಕ್ಕದ್ದು. ಹತ್ತು ಸಾವಿರ ಡಾಲರಿನ ಕಟ್ಟಡ ಬೇಕೆಂದವರು ವರ್ಷಕ್ಕೆ ಸಾವಿರ ಡಾಲರು ತಪ್ಪದೆ ತೆಗೆದಿಡಬೇಕು. ಇದನ್ನು ಜಿಪುಣತನವೆಂದು ಜರೆದವರಿದ್ದಾರೆ. ನಾನು ಹಾಗೆ ತಿಳಿಯಲಾರೆ. ಬಿಟ್ಟಿಯಾಗಿ ಬಂದ ಕಟ್ಟಡಕ್ಕೆ ಮಾಡು ಸೋರಿದರೆ ದಾನಿಯ ಮೊಮ್ಮಗನನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ. ತಾನೂ ಪಾಲು ಹಾಕಿದ ಕಟ್ಟಡದಲ್ಲಿ ಊರು ತಾನೇ ಏಣಿ ಹತ್ತುತ್ತದೆ. ತೆರಿಗೆ ಕೊಟ್ಟವನು ಪುಸ್ತಕ ಕೇಳುವಾಗ ಕೈಯೊಡ್ಡಿ ನಿಲ್ಲಬೇಕಾಗಿಲ್ಲ ಎಂಬುದೂ ಸಣ್ಣ ಮಾತಲ್ಲ.

ಇಷ್ಟು ಹೊಗಳಿದಮೇಲೆ ಇನ್ನೊಂದು ಮಗ್ಗುಲನ್ನು ಮರೆಮಾಚುವುದು ನ್ಯಾಯವಲ್ಲ. ೧೮೮೯ರ ಪ್ರಬಂಧದಲ್ಲಿ ಆತನು ಹೇಳಿದ್ದರ ಸಾರವಿಷ್ಟು: ಸಂಪತ್ತನ್ನು ಮಕ್ಕಳಿಗೆ ಬಿಟ್ಟುಹೋಗುವುದು ಅವರಿಗೆ ಕೇಡು, ಸತ್ತಮೇಲೆ ಉಯಿಲಿನಿಂದ ಕೊಡುವುದು ಅರೆಮನಸ್ಸಿನ ಕೊಡುಗೆ, ಧನಿಕನು ಬದುಕಿರುವಾಗಲೇ ಸಮಾಜದ ಧರ್ಮದರ್ಶಿಯಂತೆ ನಿಂತು ವಿವೇಕದಿಂದ ವಿನಿಯೋಗಿಸಬೇಕು. ಸಿರಿವಂತರ ಮರಣಾನಂತರ ಆಸ್ತಿಯ ಮೇಲೆ ಭಾರಿ ತೆರಿಗೆ ಹಾಕುವುದನ್ನೂ ಆತನು ಸಮರ್ಥಿಸಿದನು. ಸರಿಯೆ. ಆದರೆ ಅದೇ ಹಣವನ್ನು ಕೂಲಿಯ ರೂಪದಲ್ಲಿ ದುಡಿದವನ ಕೈಗೇ ಕೊಟ್ಟರಾಗದೆ? ಸಣ್ಣ ಸಣ್ಣ ಮೊತ್ತಗಳಾಗಿ ಹಂಚಿದರೆ ಹಣ ಚೆದರಿ ಹೋಗುವುದೆಂದೂ, ಒಬ್ಬನ ಕೈಯಲ್ಲಿ ಕೂಡಿ ನಿಂತರೆ ಲೋಕಕ್ಕೆ ದೊಡ್ಡ ಉಪಕಾರವಾಗುವುದೆಂದೂ ಆತನ ವಾದ.

ಆ ವಾದದ ಪರೀಕ್ಷೆಯು ಮೂರೇ ವರ್ಷಗಳಲ್ಲಿ ಬಂದಿತು. ೧೮೯೨ರಲ್ಲಿ ಆತನ ಹೋಮ್‌ಸ್ಟೆಡ್ ಕಾರ್ಖಾನೆಯಲ್ಲಿ ಕೂಲಿಯ ದರವನ್ನು ಇಳಿಸಲು ಹೊರಟಾಗ ಕಾರ್ಮಿಕಸಂಘ ಒಪ್ಪಲಿಲ್ಲ. ಕಾರ್ನೆಗಿ ಸ್ಕಾಟ್ಲೆಂಡಿನಲ್ಲಿದ್ದನು, ಆಡಳಿತವೆಲ್ಲ ಫ್ರಿಕ್ ಎಂಬ ಪಾಲುದಾರನ ಕೈಯಲ್ಲಿ. ಬಾಡಿಗೆಯ ಕಾವಲುಗಾರರು ಮುನ್ನೂರು ಮಂದಿ ಜುಲೈ ೬ರಂದು ನದಿಯ ಮಾರ್ಗವಾಗಿ ಬಂದಿಳಿಯಲು, ಗುಂಡಿನ ಕಾಳಗ ನಡೆದು ಎರಡೂ ಕಡೆ ಸೇರಿ ಹತ್ತರಷ್ಟು ಮಂದಿ ಪ್ರಾಣ ತೆತ್ತರು. ಸಂಘ ಮುರಿಯಿತು. ದಿನಕ್ಕೆ ಹನ್ನೆರಡು ಗಂಟೆಯ ದುಡಿಮೆ ನೆಲೆಯೂರಿತು. ಕಾರ್ನೆಗಿಯ ತರುವಾಯದ ಒಡೆಯರು ಅದನ್ನು ಕೈಬಿಟ್ಟದ್ದು ೧೯೨೩ರಲ್ಲಿ. ಅದೇ ಹೋಮ್‌ಸ್ಟೆಡ್ಡಿನವರಿಗಾಗಿ ೧೮೯೮ರಲ್ಲಿ ಭವ್ಯವಾದ ಗ್ರಂಥಾಲಯವೂ ತೆರೆಯಿತು. ಹನ್ನೆರಡು ಗಂಟೆ ಕುಲುಮೆಯ ಮುಂದೆ ಬೆಂದು ಬಂದವನು ಯಾವ ಹೊತ್ತಿನಲ್ಲಿ ಪುಸ್ತಕ ಬಿಚ್ಚಬೇಕು? ಪುಸ್ತಕವನ್ನು ಕೊಟ್ಟವನು ಓದುವ ಹೊತ್ತನ್ನು ಕಿತ್ತುಕೊಂಡಿದ್ದನು. ವೀಲಿಂಗ್ ಎಂಬ ಪಟ್ಟಣದ ಕಾರ್ಮಿಕರು ೧೯೦೪ರಲ್ಲಿ ಆತನ ಗ್ರಂಥಾಲಯದ ಕೊಡುಗೆಯನ್ನು ವಿರೋಧಿಸಿ, ಮತದಾನದಲ್ಲಿ ಅದು ಬಿದ್ದುಹೋಗುವಂತೆ ಮಾಡಿದರು. ಅವರನ್ನು ವಿದ್ಯಾದ್ವೇಷಿಗಳೆಂದು ಕರೆಯಲು ನನಗೆ ಮನಸ್ಸಾಗದು.

ಲೋಕವ್ಯವಹಾರದಲ್ಲಿ ಆತನ ನಿಲುವು ಸಾಮ್ರಾಜ್ಯಶಾಹಿಗೆ ವಿರುದ್ಧವಾದುದು. ಅಮೆರಿಕೆಯು ೧೮೯೮ರಲ್ಲಿ ಎರಡು ಕೋಟಿ ಡಾಲರು ತೆತ್ತು ಸ್ಪೇನಿನಿಂದ ಫಿಲಿಪ್ಪೀನ್ಸನ್ನು ಪಡೆಯಲು ಹೊರಟಾಗ, ಅಷ್ಟೇ ಹಣವನ್ನು ತಾನು ಕೊಡುವೆನು, ಆ ದ್ವೀಪಗಳಿಗೆ ಸ್ವಾತಂತ್ರ್ಯ ಕೊಡಿ ಎಂದವನು ಆತನು. ಆದರೆ ಯುದ್ಧನೌಕೆಗಳಿಗೆ ಉಕ್ಕಿನ ಕವಚ ಮಾಡಿ ಮಾರಿದ್ದೂ ಆತನ ಕಾರ್ಖಾನೆಯೇ! ೧೯೧೦ರಲ್ಲಿ ಒಂದು ಕೋಟಿ ಡಾಲರಿನ ಶಾಂತಿನಿಧಿ ಸ್ಥಾಪಿಸಿ, ಯುದ್ಧ ಅಳಿದಮೇಲೆ ಮುಂದೆ ಯಾವ ಅನಿಷ್ಟವನ್ನು ಅಳಿಸಬೇಕೆಂಬುದನ್ನು ಧರ್ಮದರ್ಶಿಗಳೇ ಆಲೋಚಿಸಲೆಂದನು. ಆತನ ಹಣದಿಂದ ಹೇಗ್ ನಗರದಲ್ಲಿ ಕಟ್ಟಿದ ಶಾಂತಿಸೌಧವು ೧೯೧೩ರ ಆಗಸ್ಟಿನಲ್ಲಿ ತೆರೆಯಿತು. ಮರುವರ್ಷದ ಆಗಸ್ಟಿನಲ್ಲಿ ಯೂರೋಪು ಹೊತ್ತಿ ಉರಿಯಿತು. ಸೌಧವೇನೋ ವ್ಯರ್ಥವಾಗಲಿಲ್ಲ. ಅಂತರರಾಷ್ಟ್ರೀಯ ನ್ಯಾಯಾಲಯವು ಇಂದಿಗೂ ಅಲ್ಲಿಯೇ ಕೂಡುತ್ತದೆ. ದಕ್ಷಿಣ ಕನ್ನಡದ ಬೆನಗಲ್ ನರಸಿಂಗರಾಯರು ೧೯೫೨ರಿಂದ ತಮ್ಮ ಕೊನೆಯವರೆಗೂ ಆ ನ್ಯಾಯಪೀಠದಲ್ಲಿದ್ದರು.

ಕಾರ್ನೆಗಿಯನ್ನು ಪೂಜಿಸುವುದೂ ಬೇಡ, ತೆಗಳಿ ಬಿಸುಡುವುದೂ ಬೇಡ. ಆತನ ಕಟ್ಟಳೆಯನ್ನು ಎತ್ತಿಕೊಳ್ಳೋಣ, ಹೋಮ್‌ಸ್ಟೆಡ್ಡನ್ನು ನೆನಪಿನಲ್ಲಿಟ್ಟುಕೊಳ್ಳೋಣ. ನಮ್ಮ ನಾಡಿನ ಎಷ್ಟೋ ಶಾಲೆಗಳಲ್ಲಿ ದಾನಿಗಳ ನಾಮಫಲಕ ಹೊತ್ತ ಗಾಜಿನ ಬೀರುಗಳಿವೆ, ಒಳಗೆ ಪುಸ್ತಕಗಳಿವೆ, ಬೀಗದ ಕೈ ಮುಖ್ಯೋಪಾಧ್ಯಾಯರ ಮೇಜಿನೊಳಗಿದೆ. ಗ್ರಂಥಪಾಲಕನ ಹುದ್ದೆಯನ್ನು ಯಾರೋ ಒಬ್ಬ ಉಪಾಧ್ಯಾಯರು ಪಾಠಗಳ ನಡುವೆ ಹೊತ್ತಿರುತ್ತಾರೆ. ಇಂದು ಬೀರುವಿನ ಸ್ಥಾನದಲ್ಲಿ ಗಣಕಯಂತ್ರಗಳು ಬರುತ್ತಿವೆ. ಅವಕ್ಕೂ ಧೂಳುಹೊದಿಕೆ ಹೊದಿಸಿ ಕೋಣೆಗೆ ಬೀಗ ಹಾಕಿಡುವುದನ್ನು ಕಂಡಿದ್ದೇನೆ. ದಾನಿಗಳು ಕಟ್ಟಡಕ್ಕೆಂದು ಮುಂದೆ ಬಂದಾಗ ಸಂಸ್ಥೆಗಳ ಆಡಳಿತದವರು ಸಂಕೋಚವಿಲ್ಲದೆ ಇಷ್ಟನ್ನು ಕೇಳಲಿ: ಸಂಜೆ ಐದರಿಂದ ಏಳರವರೆಗೆ ಆ ಬಾಗಿಲನ್ನು ತೆರೆದು ಕೂರುವವನ ಸಂಬಳಕ್ಕೆ ವರ್ಷಕ್ಕೆ ಎಷ್ಟು ಬೇಕು, ಅದರಲ್ಲಿ ದಾನಿಯ ಪಾಲೆಷ್ಟು, ಊರಿನ ಪಾಲೆಷ್ಟು, ಹಳೆಯ ವಿದ್ಯಾರ್ಥಿಗಳ ಪಾಲೆಷ್ಟು?