ಸುಣ್ಣ ಕಟ್ಟುವ ನೀರಿಗೆ ಪೆಟ್ಟಿಗೆ ಕೊಳ್ಳುವ ಮುನ್ನ ಪುರಾವೆ ಕೇಳಿ!

ಬೋರ್‌ವೆಲ್ ನೀರನ್ನೇ ನಂಬಿರುವ ಬೆಂಗಳೂರಿನ ಮನೆಯವರೇ, ಅಪಾರ್ಟ್‌ಮೆಂಟ್ ಸಂಘಗಳ ಪದಾಧಿಕಾರಿಗಳೇ,

ನಲ್ಲಿಯ ಬಾಯಿಗೆ ಬಿಳಿ ಹಕ್ಕಳೆ ಕಟ್ಟಿದೆ. ಶವರಿನ ಅರ್ಧ ತೂತುಗಳು ಮುಚ್ಚಿವೆ. ಗೀಸರ್ ಬಿಚ್ಚಿಸಿದರೆ ಕಾಯಿಲ್ ಕಾಣುವುದೇ ಇಲ್ಲ. ಸ್ಕ್ರೂಡ್ರೈವರಿನಿಂದ ಕುಟ್ಟಿದರೆ ಸುಣ್ಣ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ.

ಈ ಕಷ್ಟವನ್ನೇ ಹಿಡಿದುಕೊಂಡು 'ಎಲೆಕ್ಟ್ರಾನಿಕ್ ವಾಟರ್ ಸಾಫ್ಟ್‌ನರ್' ಮಾರುವವರು ಮನೆ ಬಾಗಿಲಿಗೆ ಬರುತ್ತಿದ್ದಾರೆ. ಪೈಪಿಗೆ ವೈರ್ ಸುತ್ತಿ, ಪೆಟ್ಟಿಗೆಯನ್ನು ಪ್ಲಗ್‌ಗೆ ಹಾಕಿದರೆ ಮುಗಿಯಿತು, ಗಡಸು ನೀರು ಮೆದುವಾಗುತ್ತದೆ ಎನ್ನುತ್ತಾರೆ.

ಈ ಮಾತನ್ನು ನಂಬಬೇಡಿ. ನೀರು ಮೆದುವಾಗುವುದಿಲ್ಲ.

ಲೆಕ್ಕ ಹಾಕಿ ನೋಡಿ

ಲೀಟರಿಗೆ 600 ಮಿಲಿಗ್ರಾಂ ಗಡಸುತನವಿರುವ ನೀರು 1,000 ಲೀಟರ್ ಟ್ಯಾಂಕಿನಲ್ಲಿದ್ದರೆ, ಕ್ಯಾಲ್ಸಿಯಂ ಕಾರ್ಬನೇಟ್ ಲೆಕ್ಕದಲ್ಲಿ ಅದರೊಳಗೆ 600 ಗ್ರಾಂ ಗಡಸುತನವಿದೆ. ಈ ಪೆಟ್ಟಿಗೆಯಲ್ಲಿ ಅದನ್ನು ಹಿಡಿದಿಡುವ ಫಿಲ್ಟರ್ ಇಲ್ಲ, ಹೊರಹಾಕುವ ಕೊಳವೆಯೂ ಇಲ್ಲ. ಹಾಗಾದರೆ ಅದು ಹೋಗುವುದೆಲ್ಲಿಗೆ? ಕ್ಯಾಲ್ಸಿಯಂ, ಮೆಗ್ನೀಸಿಯಂ ನೀರಿನಲ್ಲೇ ಉಳಿಯುತ್ತವೆ.

ಹೀಗೆ ಕೇಳಿದರೆ ಮಾತು ಬದಲಾಗುತ್ತದೆ: "ಗಡಸುತನ ಇಳಿಯುವುದಿಲ್ಲ ಸಾರ್, ಆದರೆ ಹರಳಿನ ಆಕಾರ ಬದಲಾಗಿ ಸುಣ್ಣ ಅಂಟುವುದಿಲ್ಲ." ಇದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ನೀರು ಕಾದಾಗ ಕ್ಯಾಲ್ಸಿಯಂ ಬೈಕಾರ್ಬನೇಟ್ ಒಡೆದು ಕ್ಯಾಲ್ಸಿಯಂ ಕಾರ್ಬನೇಟ್ ಆಗುತ್ತದೆ. ಅದು ಕಾಯಿಲಿಗೆ ಅಂಟಬಹುದು, ಪುಡಿಯಾಗಿ ಹರಿದೂ ಹೋಗಬಹುದು. ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ವಿದ್ಯುತ್ಕಾಂತೀಯ ಸಾಧನವೊಂದು ಸುಣ್ಣವನ್ನು ಸುಮಾರು ಅರ್ಧದಷ್ಟು ತಗ್ಗಿಸಿತು. ಆದರೆ ಆ ಫಲಿತಾಂಶ ಆ ಸಾಧನದ್ದು, ಆ ನೀರಿನದ್ದು. ನಿಮ್ಮ ಬಾಗಿಲಿಗೆ ಬಂದ ಪೆಟ್ಟಿಗೆ ನಿಮ್ಮ ಬೋರ್ ನೀರಿನಲ್ಲಿ ಕೆಲಸ ಮಾಡುತ್ತದೆಂದು ತೋರಿಸಬೇಕಾದವರು ಮಾರುವವರು.

ಆದ್ದರಿಂದ ಇಷ್ಟು ಮಾಡಿ

1. ಮೊದಲು ನೀರನ್ನು ಅಳೆಯಿರಿ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500:2012ರ ಪ್ರಕಾರ ಲೀಟರಿಗೆ 200 ಮಿಲಿಗ್ರಾಂವರೆಗಿನ ಗಡಸುತನ ಸ್ವೀಕಾರಾರ್ಹ. ಬೇರೆ ಮೂಲವಿಲ್ಲದಿದ್ದರೆ 600ರವರೆಗೆ. ಟಿಡಿಎಸ್ ಪೆನ್ನು ಗಡಸುತನವನ್ನು ಬೇರೆಯಾಗಿ ತೋರಿಸುವುದಿಲ್ಲ. ಹನಿ ಹಾಕುವ ಹಾರ್ಡ್‌ನೆಸ್ ಕಿಟ್ ತನ್ನಿ: ಗಡಸು ನೀರು ಮೊದಲು ಕೆಂಪಾಗುತ್ತದೆ, ಎಷ್ಟನೇ ಹನಿಗೆ ನೀಲಿಯಾಯಿತೆಂದು ಎಣಿಸಬೇಕು. ಪೆಟ್ಟಿಗೆಯ ಮುಂಚಿನ ನೀರು, ನಂತರದ ನೀರು ಎರಡನ್ನೂ ಮಾರುವವರ ಎದುರೇ ಪರೀಕ್ಷಿಸಿ.

2. ಬಾಯಿಮಾತು ಬೇಡ, ಬರಹದಲ್ಲಿ ಕೇಳಿ. ಜರ್ಮನಿಯಲ್ಲಿ ಡಬ್ಲ್ಯು 512 ಎಂಬ ಪರೀಕ್ಷಾ ವಿಧಾನವಿದೆ. ಸಾಧನದ ಮೂಲಕ ಬಂದ ನೀರು, ಬಾರದ ನೀರು ಎರಡನ್ನೂ ಕಾಯಿಸಿ, ಕಟ್ಟಿದ ಸುಣ್ಣವನ್ನು ಅಳೆದು ಹೋಲಿಸುತ್ತಾರೆ. ಅಂಥ ವರದಿ ಇದೆಯೇ? ಮೂರು ತಿಂಗಳಲ್ಲಿ ಫಲ ಕಾಣದಿದ್ದರೆ ಹಣ ವಾಪಸ್ಸೇ? ಬಿಲ್ಲಿನಲ್ಲೇ ಬರೆಸಿ.

3. ಇಡೀ ಕಟ್ಟಡಕ್ಕೆ ಒಮ್ಮೆಲೇ ಹಾಕಿಸಬೇಡಿ. ಒಂದೇ ಬಗೆಯ ಎರಡು ಗೀಸರ್‌ಗಳ ಕಾಯಿಲ್ ತಿಕ್ಕಿಸಿ, ಫೋಟೊ ತೆಗೆಯಿರಿ. ಒಂದಕ್ಕೆ ಮಾತ್ರ ಸಾಧನ ಹಾಕಿಸಿ. ಮೂರು ತಿಂಗಳಾದ ಮೇಲೆ ಎರಡನ್ನೂ ಬಿಚ್ಚಿಸಿ, ಎಲ್ಲರೆದುರು ಹೋಲಿಸಿ.

4. ಫಲ ಖಚಿತವಿರುವ ದಾರಿ ಹಿಡಿಯಿರಿ. ಗೀಸರ್ ಶಾಖ 60 ಡಿಗ್ರಿ ದಾಟದಂತೆ ಇಡಿ; ಬಿಸಿ ಹೆಚ್ಚಿದಷ್ಟೂ ಸುಣ್ಣ ಹೆಚ್ಚು. ಮಳೆನೀರು ಮೆದು, ಚಾವಣಿಯಿಂದ ಸೋಸಿ ಸಂಪಿಗೆ ಬಿಟ್ಟರೆ ಬೋರ್ ನೀರಿನ ಗಡಸು ತಗ್ಗುತ್ತದೆ. ನಿಜವಾಗಿ ಗಡಸುತನ ತೆಗೆಯಬೇಕೆಂದರೆ ಉಪ್ಪು ಹಾಕುವ ರೆಸಿನ್ ಸಾಫ್ಟ್‌ನರ್ ಇದೆ. ಆದರೆ ಅದು 100 ಮಿಲಿಗ್ರಾಂ ಗಡಸುತನ ತೆಗೆದರೆ ನೀರಿಗೆ ಸುಮಾರು 46 ಮಿಲಿಗ್ರಾಂ ಸೋಡಿಯಂ ಸೇರಿಸುತ್ತದೆ. ಅದನ್ನು ಬಚ್ಚಲಿಗೆ, ವಾಷಿಂಗ್ ಮೆಷಿನ್‌ಗೆ ಇಟ್ಟುಕೊಂಡು ಅಡುಗೆಮನೆಯ ಲೈನ್ ಬೇರೆ ಮಾಡಿ. ಅದರಿಂದ ಹೊರಬರುವ ಉಪ್ಪುನೀರನ್ನು ಗಿಡಗಳಿಗೆ ಬಿಡಬೇಡಿ.

5. ಮೋಸವಾದರೆ ಸುಮ್ಮನಿರಬೇಡಿ. ದಾರಿ ತಪ್ಪಿಸುವ ಜಾಹೀರಾತಿನ ವಿರುದ್ಧ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಬಿಲ್ಲು, ಜಾಹೀರಾತಿನ ಹಾಳೆ ಜೋಪಾನ ಮಾಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಿ.

ಗೀಸರ್ ಸುಟ್ಟರೆ ಹೊಸ ಕಾಯಿಲಿನ ಖರ್ಚು ನಮ್ಮದು, ಕರೆಂಟ್ ಬಿಲ್ಲೂ ನಮ್ಮದು. ಅದರ ಮೇಲೆ ಪುರಾವೆಯಿಲ್ಲದ ಪೆಟ್ಟಿಗೆಗೂ ದುಡ್ಡು ಸುರಿಯಬೇಕೆ? ನಿಮ್ಮ ಸಂಘದ ಮುಂದಿನ ಸಭೆಯಲ್ಲೇ ನಿರ್ಣಯ ಮಾಡಿ:

ಪರೀಕ್ಷೆ ಮೊದಲು, ಪಾವತಿ ಆಮೇಲೆ!

ಓದಿ, ಪಕ್ಕದ ಮನೆಗೆ ಕೊಡಿ.

– ಬೋರ್‌ವೆಲ್ ನೀರು ಬಳಸುವ ನಿಮ್ಮ ನೆರೆಹೊರೆಯವರು